ಗರಿಕೆ ಬೆಳೆಯಲು ಹೋಗಿ ನಾವು ಕಲಿತಿದ್ದು

ನಮ್ಮ ಕಡೆ ಗರಿಕೆ ಅಂದರೆ ಕಳೆ. ರಾಗಿ ಹೊಲಕ್ಕೆ ಗರಿಕೆ ಹೊಕ್ಕಿತೆಂದರೆ ಮುಗಿಯಿತು, ಉತ್ತಷ್ಟೂ ತುಂಡಾಗುತ್ತದೆ, ತುಂಡಾದಷ್ಟೂ ಚಿಗುರುತ್ತದೆ. ವರ್ಷಕ್ಕೊಂದು ದಿನ, ಗಣೇಶನ ಹಬ್ಬಕ್ಕೆ ಮಾತ್ರ ಅದಕ್ಕೆ ಮರ್ಯಾದೆ. ಅಂಥ ಗರಿಕೆಯನ್ನು ನಾವು ಮೂವರು ದುಡ್ಡು ಕೊಟ್ಟು ತಂದು, ಬೋರ್‌ವೆಲ್ ನೀರು ಹಾಯಿಸಿ, ಗೊಬ್ಬರ ಹಾಕಿ, ಔಷಧಿ ಹೊಡೆದು ಬೆಳೆಸಲು ಹೊರಟೆವು. ಯಾರೂ ಸಾಯಿಸಲಾಗದ ಆ ಹುಲ್ಲನ್ನು ನಾಲ್ಕೇ ತಿಂಗಳಲ್ಲಿ ಸಾಯಿಸಿದೆವು.

ಇದು ನಡೆದಿದ್ದು 2024ರಲ್ಲಿ. ಗ್ರಾಮೀಣ ಪತ್ರಿಕೋದ್ಯಮ ಓದಿ ಮುಗಿಸಿದ್ದೆವು. ತಿಂಗಳಿಗೆ ಸರಿಯಾಗಿ ಸಂಬಳ ಬರುವ ಕೆಲಸ ಮೂವರಿಗೂ ಇರಲಿಲ್ಲ. ನಮ್ಮಲ್ಲೊಬ್ಬನ ಮನೆಯವರಿಗೆ ರಾಜಾನುಕುಂಟೆಗೂ ಹೆಸರಘಟ್ಟಕ್ಕೂ ನಡುವಿನ ಹಳ್ಳಿಯಲ್ಲಿ ಜಮೀನಿದೆ. ಯಲಹಂಕದಿಂದ ದೇವನಹಳ್ಳಿವರೆಗೆ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್, ವಿಲ್ಲಾ ಏಳುತ್ತಿವೆ. ಎಲ್ಲರಿಗೂ ಮುಂದುಗಡೆ ಹಸಿರು ಹುಲ್ಲುಹಾಸು ಬೇಕು. ಹುಲ್ಲು ಬೆಳೆಸಿ ಚಾಪೆ ಥರ ಕತ್ತರಿಸಿ ಚದರಡಿ ಲೆಕ್ಕದಲ್ಲಿ ಮಾರಬಹುದು. ಹತ್ತು ಗುಂಟೆ ಅಂದರೆ ಹತ್ತಿರ ಹತ್ತಿರ 10,900 ಚದರಡಿ. ಲೆಕ್ಕ ಹಾಕಿದಾಗ ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು.

ಅಪ್ಪ ಮಾತ್ರ ಒಪ್ಪಲಿಲ್ಲ. ಅವರು ನಮ್ಮಲ್ಲೊಬ್ಬನ ಅಪ್ಪ, ಆದರೆ ನಾವು ಮೂವರೂ ಅಪ್ಪ ಅಂತಲೇ ಕರೆಯುತ್ತೇವೆ. "ನಲವತ್ತು ವರ್ಷ ಈ ಗರಿಕೆ ಕಿತ್ತು ಕಿತ್ತು ನನ್ನ ಬೆನ್ನು ಬಗ್ಗೋಯ್ತು. ನೀವು ಅದನ್ನೇ ನಾಟಿ ಮಾಡ್ತೀರೇನ್ರೋ?" ಅಂದರು. ಕೊನೆಗೆ ಬೋರ್‌ವೆಲ್ ಪಕ್ಕದ ಹತ್ತು ಗುಂಟೆ ಬಿಟ್ಟುಕೊಟ್ಟರು. ಜನವರಿಯಲ್ಲಿ ಬರ್ಮುಡಾ ಹುಲ್ಲಿನ ಕುಡಿ ನಾಟಿ ಮಾಡಿದೆವು.

ಆ ಬೇಸಿಗೆ ನಿಮಗೂ ನೆನಪಿರಬೇಕು. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಕುಡಿಯೋಕೇ ನೀರಿಲ್ಲದಾಗ ಲಾನ್ ಯಾರು ಹಾಸುತ್ತಾರೆ? ನಮ್ಮ ಹುಲ್ಲು ಕೊಳ್ಳುತ್ತೇವೆ ಅಂದಿದ್ದ ಇಬ್ಬರೂ "ಮಳೆ ಬರಲಿ, ನೋಡೋಣ" ಅಂದುಬಿಟ್ಟರು. ಏಪ್ರಿಲ್‌ನಲ್ಲಿ ಮಳೆ ಬರಲಿಲ್ಲ. ತಿಂಗಳ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತು. ಮಳೆ ಬರುವವರೆಗೆ ಹುಲ್ಲನ್ನು ಉಳಿಸಿಕೊಳ್ಳುವುದೇ ನಮಗೆ ದೊಡ್ಡ ಕೆಲಸವಾಯಿತು.

ಪಂಪ್‌ಸೆಟ್ ಇರುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ತ್ರೀ ಫೇಸ್ ಕರೆಂಟು ನಮಗೆ ರಾತ್ರಿ ಬರುತ್ತಿತ್ತು. ಬಂದ ಕೂಡಲೇ ಮೋಟಾರು ಹಾಕಿ ಸ್ಪ್ರಿಂಕ್ಲರ್ ಬಿಡುತ್ತಿದ್ದೆವು. ಹುಲ್ಲು ರಾತ್ರಿಯೆಲ್ಲ ನೆನೆಯುತ್ತಿತ್ತು. ಹಗಲು ಬಾಡಿದಂತೆ ಕಂಡರೆ ಒಂದು ಹಿಡಿ ಯೂರಿಯಾ ಜಾಸ್ತಿ ಎರಚುತ್ತಿದ್ದೆವು. ಮೇ ತಿಂಗಳಲ್ಲಿ ಭರಣಿ ಮಳೆ ಬಂತು. ಊರೆಲ್ಲ ಖುಷಿಪಟ್ಟಿತು, ನಾವೂ ಕುಣಿದೆವು. ಮೂರನೇ ದಿನ ಬೆಳಗ್ಗೆ ನೋಡಿದರೆ ತಗ್ಗಿನ ಕಡೆ ಹುಲ್ಲು ಎಣ್ಣೆ ಸವರಿದಂತೆ ಕಪ್ಪಾಗಿ ನೆಲಕ್ಕೆ ಅಂಟಿಕೊಂಡಿತ್ತು. ಅದರ ಮೇಲೆ ಹತ್ತಿ ಎಳೆಯಂಥ ಬಿಳಿ ಬೂಷ್ಟು. ಬಿಸಿಲು ಏರುತ್ತಿದ್ದಂತೆ ಬೂಷ್ಟು ಮಾಯ, ಹುಲ್ಲು ಒಣಗಿದ ಸೊಪ್ಪಿನ ಬಣ್ಣ.

ಔಷಧಿ ಅಂಗಡಿಗೆ ಓಡಿದೆವು. "ಬೂಷ್ಟು ಬಂದಿದೆ" ಅಂದೆವು. ಅವರು ಕಾರ್ಬೆಂಡಜಿಂ ಕೊಟ್ಟರು. ಹೊಡೆದೆವು. ಎರಡು ದಿನ ಬಿಟ್ಟು ಮತ್ತೆ ಹೊಡೆದೆವು. ರೋಗ ನಿಲ್ಲಲಿಲ್ಲ. ವಾರದೊಳಗೆ ಹತ್ತು ಗುಂಟೆಯಲ್ಲಿ ಆರು ಗುಂಟೆಯ ಹಸಿರು ಹೋಯಿತು.

ಆಗ ನೆನಪಾದವರು ಮಾಲಿ ಅಣ್ಣ. ದೊಡ್ಡಬಳ್ಳಾಪುರ ಕಡೆಯವರು, ಯಲಹಂಕದಾಚೆಯ ಒಂದು ಗಾಲ್ಫ್ ಮೈದಾನದಲ್ಲಿ ಇಪ್ಪತ್ತು ವರ್ಷದಿಂದ ಹುಲ್ಲು ನೋಡಿಕೊಳ್ಳುವ ಕೆಲಸ. ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಹೊತ್ತಿಗೆ ಬಿಡ್ತೀರಿ?" ರಾತ್ರಿ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಬೆಳಗ್ಗೆ ಐದೂವರೆಗೆ ಬನ್ರಪ್ಪ. ರೋಗ ಬಂದಿರೋ ಕಡೆಯಿಂದ ಒಂದು ಅಂಗೈ ಅಗಲ ಹುಲ್ಲು ಮಣ್ಣು ಸಮೇತ ಕಿತ್ಕೊಂಡು ಬನ್ನಿ" ಅಂದರು.

ಗಾಲ್ಫ್ ಅಂದರೆ ಶ್ರೀಮಂತರ ಆಟ, ನಮಗೇನು ಸಂಬಂಧ ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಬೆಂಗಳೂರಿಗೆ ಈ ಆಟ ಹೊಸದೇನಲ್ಲ, ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಈಗ ನಂದಿ ಬೆಟ್ಟದ ತಪ್ಪಲಿನವರೆಗೂ ಬಂದಿದೆ. ಆಟ ಇಷ್ಟೇ: ಸಣ್ಣ ಚೆಂಡನ್ನು ದೂರದಿಂದ ಹೊಡೆದು ಹೊಡೆದು ನಾಲ್ಕೂಕಾಲು ಇಂಚಿನ ಗುಳಿಗೆ ಬೀಳಿಸಬೇಕು. ಗುಳಿ ಇರುವ ಜಾಗಕ್ಕೆ 'ಗ್ರೀನ್' ಅನ್ನುತ್ತಾರೆ. ಅಲ್ಲಿ ಚೆಂಡು ಗಾಜಿನ ಮೇಲೆ ಉರುಳಿದಂತೆ ಉರುಳಬೇಕು. ಅದಕ್ಕೆ ಅಲ್ಲಿನ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಎರಡು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಎಷ್ಟೋ ಹೆಚ್ಚುಕಮ್ಮಿ ಅಷ್ಟು. ಅದೂ ದಿನಾ ಬೆಳಗ್ಗೆ.

ಹೋಗಿ ನೋಡಿದರೆ ಅದು ನಮ್ಮ ಗರಿಕೆಯೇ! ಪೂರ್ತಿ ನಮ್ಮದಲ್ಲ, ನಮ್ಮ ಗರಿಕೆಯ ಮಗಳು. ಊರ ಗರಿಕೆಗೆ ಆಫ್ರಿಕಾದ ಇನ್ನೊಂದು ಸಣ್ಣ ಎಲೆಯ ಗರಿಕೆಯನ್ನು ಬೆರಕೆ ಮಾಡಿದ ತಳಿಗಳು ಇವು. 'ಟಿಫ್' ಅಂತ ಶುರುವಾಗುವ ಹೆಸರಿನ ಹುಲ್ಲುಗಳೆಲ್ಲ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ ಬಂದವು. ಅಲ್ಲಿ ಈ ಕೆಲಸ ಮಾಡಿದ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿಯ ಋಣ ನಮ್ಮ ಒಣಭೂಮಿಗೂ ಇದೆ. 1965ರಲ್ಲಿ ಬಂದ ಭಾರತದ ಮೊದಲ ಹೈಬ್ರಿಡ್ ಸಜ್ಜೆಯ ತಾಯಿ ತಳಿ ಅವರೇ ಅಭಿವೃದ್ಧಿಪಡಿಸಿದ್ದು. ಈ ಬೆರಕೆ ಗರಿಕೆಯಲ್ಲಿ ಬೀಜ ಕಟ್ಟುವುದಿಲ್ಲ. ಕುಡಿ ನೆಟ್ಟೇ ಬೆಳೆಸಬೇಕು.

ನಾವು ಹೋದಾಗ ನಾಲ್ಕೈದು ಹೆಂಗಸರು ಗ್ರೀನ್ ಮೇಲೆ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಚಾಕುವಿನಲ್ಲಿ ಏನೋ ಕೀಳುತ್ತಿದ್ದರು. ಏನಕ್ಕಾ ಕಳೆ ಅಂದರೆ, "ಗರಿಕೆ ಕಣಪ್ಪ" ಅಂದರು! ದುಬಾರಿ ಗರಿಕೆಯ ನಡುವೆ ಊರ ಗರಿಕೆ ಎದ್ದರೆ ಅದು ಒರಟು, ಚೆಂಡು ದಾರಿ ತಪ್ಪುತ್ತದೆ. ಆ ಮಾತು ಕೇಳಿದ್ದರೆ ಅಪ್ಪ ಬಿದ್ದು ಬಿದ್ದು ನಗುತ್ತಿದ್ದರು.

ಮಾಲಿ ಅಣ್ಣ ನಾವು ತಂದಿದ್ದ ಹುಲ್ಲನ್ನು ಮೂಸಿದರು, ಬೆರಳಲ್ಲಿ ಉಜ್ಜಿದರು. "ಇದು ಪಿಥಿಯಂ. ನಿಮ್ಮ ಕಡೆ ಶುಂಠಿ ಗೆಡ್ಡೆ ಕೊಳೆಯುತ್ತಲ್ಲ, ಟೊಮ್ಯಾಟೊ ಮಡೀಲಿ ಸಸಿ ಬುಡ ಕೊಳೆತು ಬೀಳುತ್ತಲ್ಲ, ಅದೇ ಜಾತಿ. ನೀರಲ್ಲಿ ಈಜ್ಕೊಂಡು ಹೋಗುತ್ತೆ. ನಿಮ್ಮ ಹೊಲದಲ್ಲಿ ನೀರು ಹರಿದಿರೋ ದಾರೀಲೇ ರೋಗ ಇರಬೇಕು, ನೋಡಿ."

ಹೌದು, ಹಾಗೇ ಇತ್ತು. ಇಳಿಜಾರು ಹಿಡಿದು ಪಟ್ಟೆ ಪಟ್ಟೆಯಾಗಿ ಇಳಿದಿತ್ತು. ನಾವು ಅದನ್ನು ನೋಡಿದ್ದೆವು, ಆದರೆ ಅದರ ಅರ್ಥ ಗೊತ್ತಿರಲಿಲ್ಲ.

ಪಿಥಿಯಂ ನೋಡಲು ಬೂಷ್ಟಿನಂತಿದ್ದರೂ ಬೇರೆ ಶಿಲೀಂಧ್ರಗಳ ಕುಲಕ್ಕೆ ಸೇರಿದ್ದಲ್ಲ. ಅದಕ್ಕೇ ಕಾರ್ಬೆಂಡಜಿಂ ಅದರ ಮೇಲೆ ಕೆಲಸ ಮಾಡುವುದಿಲ್ಲ. ಮೆಟಲಾಕ್ಸಿಲ್‌ನಂಥ ಬೇರೆ ಔಷಧಿ ಬೇಕು. ನಾವು ಎರಡು ಸಲ ಹೊಡೆದಿದ್ದು ಪೂರ್ತಿ ದಂಡ. ಅಂಗಡಿಯವರ ತಪ್ಪಿಗಿಂತ ನಮ್ಮ ತಪ್ಪೇ ದೊಡ್ಡದು. ಅವರಿಗೆ ನಾವು ಹುಲ್ಲು ತೋರಿಸಿರಲಿಲ್ಲ, ಬರೀ ಬಾಯಲ್ಲಿ ಹೇಳಿದ್ದೆವು.

"ಔಷಧಿ ಆಮೇಲೆ," ಅಂದರು ಮಾಲಿ ಅಣ್ಣ. "ಬಿಸಿಲಿಗೆ ಗರಿಕೆ ಸಾಯಲ್ಲ ಕಣ್ರಪ್ಪ. ಅದು ಬಿಸಿಲಿಗೇ ಹುಟ್ಟಿದ್ದು. ನಮ್ಮ ಕೈಯಿಂದ ಸಾಯುತ್ತೆ."

ಆಮೇಲೆ ಎರಡು ಗಂಟೆ ಅವರ ಹಿಂದೆ ಸುತ್ತಿದೆವು. ನೋಡಿದ್ದರಲ್ಲಿ ಹಳ್ಳಿಯವರಿಗೆ ಉಪಯೋಗಕ್ಕೆ ಬರುವುದನ್ನು ಹೇಳುತ್ತೇವೆ.

ಮೊದಲನೆಯದು ನೀರಿನ ಹೊತ್ತು. ಅಲ್ಲಿ ನೀರು ಬಿಡುವುದು ಬೆಳಗಿನ ಜಾವ. ಇಬ್ಬನಿಯಿಂದ ಎಲೆ ಆಗಲೇ ಒದ್ದೆಯಾಗಿರುತ್ತದೆ, ಸೂರ್ಯ ಬಂದ ಮೇಲೆ ಒಂದೆರಡು ಗಂಟೆಯಲ್ಲಿ ಆರುತ್ತದೆ. ಸಂಜೆ ಅಥವಾ ರಾತ್ರಿ ಬಿಟ್ಟರೆ ಎಲೆ ಹತ್ತು ಹನ್ನೆರಡು ಗಂಟೆ ಒದ್ದೆಯೇ. ಮೇ ತಿಂಗಳ ಬೆಚ್ಚನೆಯ ರಾತ್ರಿಯಲ್ಲಿ ರೋಗಕ್ಕೆ ಇನ್ನೇನು ಬೇಕು? ಇಬ್ಬನಿಯನ್ನೂ ಅವರು ಹಾಗೇ ಬಿಡುವುದಿಲ್ಲ. ಇಬ್ಬರು ಉದ್ದನೆಯ ಹಗ್ಗ ಹಿಡಿದು ಗ್ರೀನ್ ಮೇಲೆ ಎಳೆದುಕೊಂಡು ಹೋಗುತ್ತಾರೆ, ಇಲ್ಲವೇ ಬಿದಿರಿನ ಗಳು ಬೀಸುತ್ತಾರೆ. ಹನಿ ಎಲ್ಲ ಉದುರಿ ಎಲೆ ಬೇಗ ಆರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು ನೀರಿನ ಅಳತೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನ ಬಿಸಿಲು ಜೋರಾದರೆ ಬಾಡುತ್ತದೆ. ಆಳಕ್ಕೆ ಇಳಿಯುವಂತೆ ಕೊಟ್ಟು, ಮೇಲ್ಮಣ್ಣು ಆರಲು ಬಿಟ್ಟು, ಮತ್ತೆ ಕೊಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ನೀರು ಬೇಕೋ ಬೇಡವೋ ಅಂತ ನೋಡಲು ಅವರು ಮಾಡಿದ್ದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ಹಿಂತಿರುಗಿ ನೋಡಿದ್ದು. ಹುಲ್ಲು ತಕ್ಷಣ ಎದ್ದು ನಿಂತರೆ ನೀರಿದೆ. ಹೆಜ್ಜೆ ಗುರುತು ಹಾಗೇ ಉಳಿದು, ಬಣ್ಣ ನೀಲಿ ಬೂದಿಗೆ ತಿರುಗಿದ್ದರೆ ಬಾಯಾರಿದೆ. ಆಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನೆಲಕ್ಕೆ ಚುಚ್ಚಿದರು. ಸಲೀಸಾಗಿ ಇಳಿದರೆ ತೇವ ಇದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಗ್ರೀನ್ ಬಾಡಿದರೆ ಒಂದೆರಡು ನಿಮಿಷ ತುಂತುರು ಬಿಡುತ್ತಾರೆ. ಅದು ಬೇರಿಗಲ್ಲ, ಎಲೆ ತಂಪಾಗಲಿ ಅಂತ.

ಮೂರನೆಯದು ಕತ್ತರಿ. ಎಲೆಯೇ ಹುಲ್ಲಿನ ಅಡುಗೆಮನೆ. ಎಲೆ ಗಿಡ್ಡವಾದಷ್ಟೂ ಊಟ ಕಮ್ಮಿ, ಬೇರು ಗಿಡ್ಡ. ಮೇಕೆ ದಿನಾ ಮೇಯ್ದ ಗೋಮಾಳ ಬೇಸಿಗೆಯಲ್ಲಿ ಮೊದಲು ಒಣಗುವುದು ಇದಕ್ಕೇ. ಆಟಗಾರರು ಎಷ್ಟೇ ಗೊಣಗಿದರೂ ಬೇಸಿಗೆ ಜೋರಾದಾಗ ಅವರು ಬ್ಲೇಡನ್ನು ಅರ್ಧ ಮಿಲಿಮೀಟರಾದರೂ ಮೇಲೆತ್ತುತ್ತಾರೆ. ಒಂದೇ ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಬ್ಲೇಡ್ ಮೊಂಡಾಗಿದ್ದರೆ ಎಲೆ ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಗಾಯದಿಂದ ರೋಗ ಒಳಗೆ ಹೋಗುತ್ತದೆ.

ನಾಲ್ಕನೆಯದು ಉಸಿರು. ಜನ ಓಡಾಡಿ, ಯಂತ್ರ ಓಡಿ ನೆಲ ಗಟ್ಟಿಯಾಗುತ್ತದೆ. ಗ್ರೀನ್ ಕೆಳಗೆ ಇರುವುದು ಸುಮಾರು ಒಂದು ಅಡಿ ಮರಳು, ಅದರ ಕೆಳಗೆ ಜಲ್ಲಿ, ನೀರು ಹೋಗಲು ಪೈಪು. ಅಷ್ಟಿದ್ದರೂ ಸಾಲದು ಅಂತ ಬಿಸಿಲು ಏರುವ ಮೊದಲೇ ಟೊಳ್ಳು ಮೊಳೆಗಳಿರುವ ಯಂತ್ರದಿಂದ ಬೆರಳು ಗಾತ್ರದ ಮಣ್ಣಿನ ತುಂಡು ತೆಗೆದು, ಆ ತೂತಿಗೆ ಮರಳು ತುಂಬುತ್ತಾರೆ. ತುಳಿತ ಒಂದೇ ಕಡೆ ಬೀಳದಿರಲಿ ಅಂತ ಗುಳಿಯ ಜಾಗವನ್ನೇ ಬದಲಾಯಿಸುತ್ತಿರುತ್ತಾರೆ. ನಮ್ಮದು ಕೆಂಪು ಜೇಡಿ ಮಣ್ಣು, ಅದರ ಮೇಲೆ ನೀರು ನಿಲ್ಲುತ್ತಿತ್ತು. ಬಸಿಗಾಲುವೆ ಹೊಡೆಯಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ತರಕಾರಿಗೆ ಹೊಡೆಯುತ್ತೇವೆ, ಹುಲ್ಲಿಗೆ ಯಾಕೆ ಅಂತ.

ಐದನೆಯದು ಗೊಬ್ಬರ. ಹುಲ್ಲಿನಲ್ಲಿ ನಾಣ್ಯದಗಲ ಒಣಹುಲ್ಲಿನ ಬಣ್ಣದ ಚುಕ್ಕೆಗಳು ಬಂದರೆ ಅದು 'ಡಾಲರ್ ಸ್ಪಾಟ್'. ಸಾರಜನಕ ಕಮ್ಮಿಯಾಗಿ, ಇಬ್ಬನಿ ಜಾಸ್ತಿಯಾದಾಗ ಬರುವುದು. ಅಡಿಗಟ್ಟಲೆ ಅಗಲದ ಕಂದು ಉಂಗುರ ಬಂದರೆ ಬೇರೆ ರೋಗ. ಯೂರಿಯಾ ಜಾಸ್ತಿಯಾಗಿ, ಸೆಕೆ ಹೆಚ್ಚಾದಾಗ ಬರುವುದು. ಭತ್ತದಲ್ಲಿ ಎಲೆಕವಚದ ಅಂಗಮಾರಿ ತರುವುದೂ ಅದೇ ಕುಲದ ಶಿಲೀಂಧ್ರ. ಒಂದು ಹಸಿವಿನ ರೋಗ, ಇನ್ನೊಂದು ಅಜೀರ್ಣದ ರೋಗ. ಯಾವುದು ಅಂತ ತಿಳಿಯದೆ ಯೂರಿಯಾ ಎರಚಿದರೆ ಎರಡನೆಯದು ಬರುತ್ತದೆ. ಬೇಸಿಗೆಯಲ್ಲಿ ಅವರು ಸಾರಜನಕವನ್ನು ಚಮಚದಲ್ಲಿ ಉಣಿಸಿದಂತೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ಪೊಟ್ಯಾಶ್ ಬಿಡುವುದಿಲ್ಲ. ಹುಲ್ಲು ಕಂಬಳಿ ಎತ್ತಿದಂತೆ ಮೇಲೆ ಬಂದರೆ ರೋಗವೇ ಅಲ್ಲ, ಕೆಳಗೆ ಗೊಣ್ಣೆ ಹುಳು ಬೇರು ತಿಂದಿದೆ. ಗೊರವಂಕಗಳು ಒಂದೇ ಕಡೆ ಕೂತು ಕುಕ್ಕುತ್ತಿದ್ದರೆ ಅಲ್ಲಿ ಅಗೆದು ನೋಡು ಅಂದರು.

ನೀರಿನ ವಿಷಯ ಕೇಳದೆ ಬರಲು ನಮಗೆ ಮನಸ್ಸಾಗಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳ ನಡುವೆ ಇಷ್ಟು ಹಸಿರು! ಲೆಕ್ಕ ಸುಲಭ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ 4,000 ಲೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ಹಿಡಿದರೆ ಎಕರೆಗೆ 20,000 ಲೀಟರ್. ನಮ್ಮ ಹತ್ತು ಗುಂಟೆಗೇ ದಿನಕ್ಕೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್. ಈ ಲೆಕ್ಕವನ್ನು ಜನವರಿಯಲ್ಲೇ ಮಾಡಿದ್ದರೆ ನಾವು ಗರಿಕೆ ನೆಡುತ್ತಲೇ ಇರಲಿಲ್ಲವೇನೋ. ಬೇರೆಯವರನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮಾಲಿ ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಮೈದಾನಕ್ಕೆ ಬರುವುದು ಸಂಸ್ಕರಿಸಿದ ಚರಂಡಿ ನೀರು. ಈ ಭಾಗದಲ್ಲಿ ಅದು ಹೊಸದಲ್ಲ. ಜಕ್ಕೂರು ಕೆರೆಗೆ ಅಂಥ ನೀರೇ ಬರುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದಿನಕ್ಕೆ 21 ಕೋಟಿ ಲೀಟರ್ ಅಂಥ ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುವ ಗುರಿ ಇದೆ. ಆ ನೀರಿಗೂ ಗುಣ ಅವಗುಣ ಇದೆ ಅಂದರು. ಅದರಲ್ಲೇ ಸ್ವಲ್ಪ ಸಾರಜನಕ, ರಂಜಕ ಇರುವುದರಿಂದ ಗೊಬ್ಬರ ಕಮ್ಮಿ ಮಾಡಬೇಕು. ಉಪ್ಪೂ ಇರುವುದರಿಂದ ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಹಾಕಿ, ಆಮೇಲೆ ಒಮ್ಮೆ ಜೋರಾಗಿ ನೀರು ಹಾಯಿಸಿ ಉಪ್ಪನ್ನು ಬೇರಿನಿಂದ ಕೆಳಗೆ ಇಳಿಸಬೇಕು.

ಹೊರಡುವಾಗ ಕೇಳಿದೆವು, ಈಗ ಏನು ಮಾಡೋಣ ಅಂತ. "ಉಳಿದಿರೋ ನಾಲ್ಕು ಗುಂಟೆಗೆ ರಾತ್ರಿ ನೀರು ನಿಲ್ಲಿಸಿ. ಯೂರಿಯಾ ನಿಲ್ಲಿಸಿ. ರೋಗದ ಕಡೆಯಿಂದ ಚೆನ್ನಾಗಿರೋ ಕಡೆಗೆ ನಡೀಬೇಡಿ, ಕಾಲಲ್ಲೇ ಹೋಗುತ್ತೆ. ಮೊದಲು ಚೆನ್ನಾಗಿರೋದನ್ನ ಕತ್ತರಿಸಿ, ಆಮೇಲೆ ಮಿಷನ್ ತೊಳೀರಿ. ಅನುಮಾನ ಇದ್ರೆ ಜಿಕೆವಿಕೆಗೆ ತಗೊಂಡು ಹೋಗಿ ತೋರ್ಸಿ, ಹತ್ರಾನೇ ಇದೆಯಲ್ಲ."

ಅದು ನಿಜಕ್ಕೂ ಹತ್ತಿರ. ಹೆಬ್ಬಾಳದಿಂದ ಯಲಹಂಕಕ್ಕೆ ಬರುವ ದಾರಿಯಲ್ಲೇ ಕೃಷಿ ವಿಶ್ವವಿದ್ಯಾಲಯ. ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಎರಡರ ಮಧ್ಯೆ ಕೂತು ನಾವು ಬಾಯಿಮಾತಿಗೆ ಔಷಧಿ ಹೊಡೆದಿದ್ದೆವು.

ಕರೆಂಟು ಮಾತ್ರ ರಾತ್ರಿಯೇ ಬರುವುದಲ್ಲ, ಅದಕ್ಕೇನು ಮಾಡುವುದು? ಇದಕ್ಕೆ ಉಪಾಯ ಹೇಳಿದ್ದು ಅಪ್ಪ. ಹಳೇ ಸಿಮೆಂಟ್ ತೊಟ್ಟಿಯೊಂದು ಹಾಳುಬಿದ್ದಿತ್ತು. ಬಿರುಕು ಮುಚ್ಚಿ, ರಾತ್ರಿ ತ್ರೀ ಫೇಸ್ ಬಂದಾಗ ಅದನ್ನು ತುಂಬಿಸಿದೆವು. ಬೆಳಗ್ಗೆ ಐದು ಗಂಟೆಗೆ ಸಿಂಗಲ್ ಫೇಸ್‌ನಲ್ಲಿ ಓಡುವ ಸಣ್ಣ ಮೋಟಾರು ಹಾಕಿ ಹುಲ್ಲಿಗೆ ಬಿಟ್ಟೆವು. ತಗ್ಗಿನಲ್ಲಿ ಒಂದು ಬಸಿಗಾಲುವೆ ಹೊಡೆದೆವು. ಹಗ್ಗ ಹಿಡಿದು ಇಬ್ಬನಿಯನ್ನೂ ಎಳೆದೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ನಾಲ್ಕು ಗುಂಟೆ ಉಳಿಯಿತು. ಮಳೆ ಹಿಡಿದ ಮೇಲೆ ಅದು ಮಾರಾಟವೂ ಆಯಿತು. ಹಾಕಿದ ದುಡ್ಡು ಪೂರ್ತಿ ಬರಲಿಲ್ಲ, ಸಾಲ ಮಾತ್ರ ತೀರಿತು.

ಈಗ ಟೊಮ್ಯಾಟೊ ಮಡಿಗೂ ಅದೇ ತೊಟ್ಟಿ, ಅದೇ ಬೆಳಗಿನ ನೀರು. ಬೆಳೆ ಬಾಡಿದರೆ ಮೊದಲು ಅಂಗಡಿಗೆ ಓಡುವುದಿಲ್ಲ. ಬೆಳಗಿನ ಜಾವ ಹೋಗಿ ಕೂತು ನೋಡುತ್ತೇವೆ. ಎಲ್ಲಿಂದ ಶುರುವಾಗಿದೆ, ಯಾವ ಕಡೆ ಹರಿದಿದೆ, ಎಲೆಯಿಂದಲೋ ಬೇರಿನಿಂದಲೋ ಅಂತ. ಆಮೇಲೆ ಮಣ್ಣು ಸಮೇತ ಕಿತ್ತು ತೋರಿಸುತ್ತೇವೆ.

ಹುಲ್ಲು ಸತ್ತ ಆರು ಗುಂಟೆಯನ್ನು ಅಪ್ಪ ಉತ್ತು ರಾಗಿ ಬಿತ್ತಿದರು. ತಿಂಗಳು ಕಳೆದು ಒಂದು ಬೆಳಗ್ಗೆ ನಮ್ಮನ್ನು ಕರೆದರು. ಹೋಗಿ ನೋಡಿದರೆ ರಾಗಿ ಸಾಲಿನ ಮಧ್ಯೆ ಎಲ್ಲೆಲ್ಲೂ ಸಣ್ಣ ಎಲೆಯ, ಎಳೆ ಹಸಿರಿನ ಗರಿಕೆ. ನಮ್ಮ ರೋಗ ತಿಂದಿದ್ದು ಮೇಲಿನ ಎಲೆಯನ್ನು. ನೆಲದೊಳಗಿನ ಗೆಣ್ಣು ಬದುಕಿತ್ತು, ನೇಗಿಲು ಅದನ್ನು ಊರೆಲ್ಲ ಹಂಚಿತ್ತು.

"ನೀವು ಸಾಯಿಸಿದ ಹುಲ್ಲು ನೋಡ್ರೋ," ಅಂದರು ಅಪ್ಪ. ಮೂರು ಕುಡುಗೋಲು ತಂದು ನಮ್ಮ ಮುಂದೆ ಇಟ್ಟರು.

ಆ ವಾರ ಪೂರ್ತಿ ಕೂತು ಕಳೆ ಕಿತ್ತೆವು.